ರಕ್ತಪಿಶಾಚಿಗೊಂದು ಕೇಸ್ ಫೈಲ್: ವ್ಯಾಂಪೈರ್ ಪತ್ತೇದಾರಿ ಕತೆ ಬರೆಯುವುದು ಹೇಗೆ?

1732ರ ಜನವರಿ. ಸರ್ಬಿಯಾದ ಮೆದ್ವೆಜಾ ಅನ್ನುವ ಹಳ್ಳಿಗೆ ಆಸ್ಟ್ರಿಯಾ ಸೈನ್ಯದ ವೈದ್ಯನೊಬ್ಬ ಬಂದ. ಹೆಸರು ಯೋಹಾನ್ ಫ್ಲ್ಯೂಕಿಂಗರ್. ಆ ಹಳ್ಳಿಯಲ್ಲಿ ಮೂರು ತಿಂಗಳಲ್ಲಿ 17 ಜನ ಸತ್ತಿದ್ದರು. ಕೆಲವು ವರ್ಷಗಳ ಹಿಂದೆ ಹುಲ್ಲಿನ ಗಾಡಿಯಿಂದ ಬಿದ್ದು ಕತ್ತು ಮುರಿದುಕೊಂಡು ಸತ್ತ ಆರ್ನೋಲ್ಡ್ ಪಾವ್ಲೆ ಅನ್ನುವವನು ರಕ್ತಪಿಶಾಚಿಯಾಗಿ ಎದ್ದು ಬಂದದ್ದರಿಂದ ಇದೆಲ್ಲ ಶುರುವಾಯಿತು ಅಂತ ಊರವರು ಹೇಳಿದರು. ವೈದ್ಯ ಅವರ ಹೇಳಿಕೆ ಬರೆದುಕೊಂಡ. ಗೋರಿಗಳನ್ನು ತೆಗೆಸಿದ. ಹೆಣಗಳನ್ನು ಕೊಯ್ದು ನೋಡಿದ. ಯಾವುದು ಕೊಳೆತಿದೆ, ಯಾವುದು ಕೊಳೆತಿಲ್ಲ ಅಂತ ಒಂದೊಂದಾಗಿ ದಾಖಲು ಮಾಡಿ ವರದಿಗೆ ಸಹಿ ಹಾಕಿದ. ವ್ಯಾಂಪೈರ್ ಅನ್ನುವ ಪದ ಯುರೋಪಿನ ತುಂಬ ಹರಡಿದ್ದು ಹೆಚ್ಚಾಗಿ ಈ ವರದಿಯ ಬೆನ್ನಿಗೆ.

ಅಂದರೆ ವ್ಯಾಂಪೈರ್ ಓದುಗರ ಮುಂದೆ ಬಂದದ್ದೇ ಒಂದು ತನಿಖಾ ವರದಿಯ ಮೂಲಕ. ಸಾಕ್ಷಿ, ಹೆಣ, ದಿನಾಂಕ, ಸಹಿ, ಎಲ್ಲ ಅದರಲ್ಲಿತ್ತು. ವ್ಯಾಂಪೈರ್ ಕತೆಗೂ ಪತ್ತೇದಾರಿ ಕತೆಗೂ ಗಂಟು ಹಾಕುವುದು ಬಲವಂತದ ಮದುವೆ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಇವೆರಡೂ ಒಂದೇ ಮನೆಯವು. ಈ ಮಾರ್ಗದರ್ಶಿಯಲ್ಲಿ ನಾನು ಹೇಳುವುದೆಲ್ಲ ಒಂದೇ ಮಾತಿನ ಮೇಲೆ ನಿಂತಿದೆ: ಪಿಶಾಚಿಯನ್ನು ಹೆದರಿಸಲು ತರಬೇಡಿ, ಸಾಕ್ಷಿಯಾಗಿ ತನ್ನಿ.

ಪತ್ತೇದಾರಿ ಕತೆಯಲ್ಲಿ ಹಲವು ಬಗೆ ಇವೆ. ಇಲ್ಲಿ ನಮಗೆ ಬೇಕಾದದ್ದು 1920ರ ದಶಕದಿಂದ ಅಮೆರಿಕದ ಅಗ್ಗದ ಪಲ್ಪ್ ಪತ್ರಿಕೆಗಳಲ್ಲಿ ಬೆಳೆದ ಹಾರ್ಡ್‌ಬಾಯ್ಲ್ಡ್ ಬಗೆ. ಗಟ್ಟಿ ಬೇಯಿಸಿದ ಮೊಟ್ಟೆಯ ಹಾಗೆ ಒಳಗೂ ಗಡುಸು. ಈ ಪತ್ತೇದಾರ ಆರಾಮ ಕುರ್ಚಿಯಲ್ಲಿ ಕೂತು ಒಗಟು ಬಿಡಿಸುವವನಲ್ಲ. ಅವನಿಗೆ ಬಾಡಿಗೆ ಕಟ್ಟುವ ಚಿಂತೆ ಇದೆ. ಏಟು ತಿನ್ನುತ್ತಾನೆ. ಪೊಲೀಸರನ್ನು ನಂಬುವ ಹಾಗಿಲ್ಲ, ಕೇಸು ಕೊಟ್ಟವರನ್ನಂತೂ ನಂಬಲೇಬಾರದು.

ಮೊದಲ ಹೆಜ್ಜೆ: ಪಿಶಾಚಿಯ ಕಾನೂನು ಬರೆದಿಡಿ

ಕತೆಯ ಒಂದು ಸಾಲನ್ನೂ ಬರೆಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ವ್ಯಾಂಪೈರ್ ಏನು ಮಾಡಬಲ್ಲದು, ಏನು ಮಾಡಲಾರದು ಅಂತ ಬರೆಯಿರಿ. ಐದು ನಿಯಮ ಸಾಕು, ಹತ್ತು ಜಾಸ್ತಿ. ಇದು ನಿಮ್ಮ ಕತೆಯ ದಂಡಸಂಹಿತೆ. ಕೊನೆಯ ಪುಟದಲ್ಲಿ ಹೊಸ ನಿಯಮ ತಂದರೆ ಓದುಗರಿಗೆ ಮೋಸ ಮಾಡಿದ ಹಾಗೆ.

ನಿಯಮಗಳು ಆಕಾಶದಿಂದ ಬಿದ್ದವಲ್ಲ ಅನ್ನುವುದು ನೆನಪಿರಲಿ. ಬಿಸಿಲು ತಾಗಿದರೆ ವ್ಯಾಂಪೈರ್ ಸಾಯುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ ಅಲ್ವಾ? 1897ರ 'ಡ್ರಾಕುಲಾ' ಕಾದಂಬರಿಯಲ್ಲಿ ಡ್ರಾಕುಲಾ ಅನ್ನುವ ಆ ವ್ಯಾಂಪೈರ್ ಹಗಲಲ್ಲೇ ಲಂಡನ್ನಿನಲ್ಲಿ ಓಡಾಡುತ್ತಾನೆ. ಹಗಲಲ್ಲಿ ಅವನ ಶಕ್ತಿ ಕುಂದುತ್ತದೆ, ಅಷ್ಟೇ. ಬಿಸಿಲಿಗೆ ಸಾಯುವ ವ್ಯಾಂಪೈರ್ ಗಟ್ಟಿಯಾಗಿ ನೆಲೆಯೂರಿದ್ದು 1922ರ ಜರ್ಮನ್ ಮೂಕಿ ಚಿತ್ರ 'ನೊಸ್ಫೆರಾಟು'ವಿನಿಂದ. ಹಾಗಾಗಿ ನಿಮಗೆ ಬೇಕಾದದ್ದನ್ನು ಆರಿಸಿಕೊಳ್ಳಲು ಪೂರ್ತಿ ಹಕ್ಕಿದೆ. ಆರಿಸಿದ ಮೇಲೆ ಮಾತ್ರ ಮುರಿಯಬೇಡಿ.

ಪತ್ತೇದಾರಿ ಕತೆಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಹೊಸ್ತಿಲ ನಿಯಮ. ಮನೆಯವರು ಕರೆಯದೆ ವ್ಯಾಂಪೈರ್ ಒಳಗೆ ಬರುವ ಹಾಗಿಲ್ಲ. ಒಮ್ಮೆ ಕರೆದರೆ ಆಮೇಲೆ ಯಾವಾಗ ಬೇಕಾದರೂ ಬರಬಹುದು. ನಮಗೆ ಇದು ಹೊಸದಲ್ಲ. ನಮ್ಮ ಊರುಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿರುತ್ತಿದ್ದರಲ್ಲ? ದೆವ್ವ ರಾತ್ರಿ ಬಂದು ಬಾಗಿಲು ತಟ್ಟುತ್ತದೆ, ಬರೆದದ್ದನ್ನು ಓದಿ ಹೋಗುತ್ತದೆ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಮಾತಿಗೆ ಕಟ್ಟುಬಿದ್ದ ದೆವ್ವ ಅದು. ವಕೀಲರ ಹಾಗೆ ಅಕ್ಷರ ಅಕ್ಷರ ಹಿಡಿದು ನಡೆಯುವಂಥದ್ದು.

ಈ ಒಂದು ನಿಯಮದಿಂದ ಎಷ್ಟು ಪ್ರಶ್ನೆ ಹುಟ್ಟುತ್ತವೆ ನೋಡಿ. ಬಾಡಿಗೆ ಮನೆಗೆ ಯಾರು ಕರೆಯಬೇಕು, ಬಾಡಿಗೆದಾರನೋ ಮಾಲೀಕನೋ? ಆಸ್ಪತ್ರೆಯ ವಾರ್ಡು ಯಾರ ಮನೆ? ಸತ್ತವನು ಕೊಟ್ಟ ಆಹ್ವಾನ ಅವನ ಹೆಂಡತಿಯ ಮೇಲೂ ನಡೆಯುತ್ತದಾ? ಬೀಗ ಮುರಿದಿಲ್ಲ, ಕಿಟಕಿ ಮುಚ್ಚಿದೆ, ಒಳಗೆ ಹೆಣ ಇದೆ ಅಂದರೆ ನಿಮ್ಮ ಪತ್ತೇದಾರ ಕೇಳುವ ಮೊದಲ ಪ್ರಶ್ನೆ 'ಯಾರು ಕೊಂದರು' ಅಲ್ಲ, 'ಯಾರು ಬಾ ಅಂದರು' ಅನ್ನುವುದು. ಪೊಲೀಸರಿಗೆ ವಾರಂಟ್ ಬೇಕು, ವ್ಯಾಂಪೈರ್‌ಗೆ ಆಹ್ವಾನ ಬೇಕು. ಎರಡೂ ಇಲ್ಲದೆ ಒಳಗೆ ನುಗ್ಗಬಲ್ಲವನು ಮನುಷ್ಯ ಮಾತ್ರ.

ಎರಡನೇ ಹೆಜ್ಜೆ: ಊರು, ವರ್ಷ, ತಿಂಗಳು

'ಒಂದು ಮಹಾನಗರ' ಅಂತ ಬರೆದು ತಪ್ಪಿಸಿಕೊಳ್ಳಬೇಡಿ. ನಾನು ಉದಾಹರಣೆಗೆ ಶಿಕಾಗೊ ತೆಗೆದುಕೊಳ್ಳುತ್ತೇನೆ, 1938ರ ಜನವರಿ. ಕಾರಣ ಹೇಳುತ್ತೇನೆ.

ಅಮೆರಿಕದಲ್ಲಿ ಆಸ್ಪತ್ರೆಯೊಳಗೆ ಮೊದಲ ಬ್ಲಡ್ ಬ್ಯಾಂಕ್ ತೆರೆದದ್ದು 1937ರಲ್ಲಿ, ಶಿಕಾಗೊದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ. ಅದನ್ನು ಶುರು ಮಾಡಿದ ಬರ್ನಾರ್ಡ್ ಫ್ಯಾಂಟಸ್ ಎಂಬ ವೈದ್ಯರೇ 'ಬ್ಲಡ್ ಬ್ಯಾಂಕ್' ಅನ್ನುವ ಹೆಸರು ಕೊಟ್ಟರು. ರಕ್ತ ಜಮಾ, ರಕ್ತ ಖರ್ಚು, ಲೆಕ್ಕದ ಪುಸ್ತಕ. ಹೆಪ್ಪುಗಟ್ಟದಿರಲಿ ಅಂತ ಸೋಡಿಯಂ ಸಿಟ್ರೇಟ್ ಬೆರೆಸಿ ತಣ್ಣಗಿಟ್ಟ ಸೀಸೆಯ ರಕ್ತ ಆಗ ಸುಮಾರು ಹತ್ತು ದಿನ ಉಪಯೋಗಕ್ಕೆ ಬರುತ್ತಿತ್ತು. ಶತಮಾನಗಳಿಂದ ಕುತ್ತಿಗೆಗೆ ಬಾಯಿ ಹಾಕಿ ಬದುಕಿದ ಜೀವಿಗೆ ಈ ಸುದ್ದಿ ಕೇಳಿ ಏನನ್ನಿಸಿರಬೇಕು? ನಿಮ್ಮ ಕತೆ ಅಲ್ಲಿಂದಲೇ ಶುರುವಾಗಬಹುದು.

ಇನ್ನೊಂದು ಕಡೆ, ಅಮೆರಿಕದ ಪಾನನಿಷೇಧ 1933ರ ಡಿಸೆಂಬರಿನಲ್ಲಿ ಮುಗಿದಿತ್ತು. ಕಳ್ಳ ಹೆಂಡ ಮಾರಿ ಬದುಕುತ್ತಿದ್ದ ಗ್ಯಾಂಗುಗಳು ಬೇರೆ ದಂಧೆ ಹುಡುಕುತ್ತಿದ್ದವು. ಸೀಸೆಯಲ್ಲಿ ಸಾಗಿಸುವ, ರಾತ್ರಿ ಮಾರುವ, ಗಿರಾಕಿ ಯಾವತ್ತೂ ಬಿಡಲಾರದ ಮಾಲು ಅಂದರೆ ಅವರಿಗೆ ಹೇಳಿಕೊಡಬೇಕಾ?

ಊರಿನ ನೆಲ ನೋಡಿ. ಪೇಟೆಯ ಬೀದಿಗಳ ಕೆಳಗೆ ಸುಮಾರು 40 ಅಡಿ ಆಳದಲ್ಲಿ ಸರಕು ಸುರಂಗಗಳಿದ್ದವು, ಒಟ್ಟು 60 ಮೈಲಿಯಷ್ಟು. ಕಲ್ಲಿದ್ದಲು, ಬೂದಿ, ಪಾರ್ಸೆಲ್ ಹೊತ್ತ ಪುಟ್ಟ ವಿದ್ಯುತ್ ರೈಲುಗಳು ಅಲ್ಲಿ ಓಡುತ್ತಿದ್ದವು. ಹಗಲಲ್ಲೂ ಕತ್ತಲು. ದಕ್ಷಿಣಕ್ಕೆ ಹೋದರೆ ಯೂನಿಯನ್ ಸ್ಟಾಕ್ ಯಾರ್ಡ್ಸ್, ದನ ಹಂದಿಗಳ ದೊಡ್ಡ ಸಂತೆ, ಸುತ್ತ ಕಸಾಯಿಖಾನೆಗಳು. ಅದರ ಕೊಳೆ ಬಿದ್ದು ಬಿದ್ದು ಪಕ್ಕದ ನದಿಯ ಕವಲು ಗುಳುಗುಳು ಗುಳ್ಳೆ ಏಳಿಸುತ್ತಿತ್ತು. ಜನ ಅದನ್ನು ಬಬ್ಲಿ ಕ್ರೀಕ್ ಅಂತ ಕರೆದರು. ಇನ್ನು ಶಿಕಾಗೊ ನದಿ. ಕುಡಿಯುವ ನೀರಿನ ಸರೋವರಕ್ಕೆ ಕೊಳಚೆ ಸೇರದಿರಲಿ ಅಂತ 1900ರಲ್ಲಿ ಕಾಲುವೆ ತೋಡಿ ಇಡೀ ನದಿಯ ಹರಿವನ್ನೇ ಹಿಂದಕ್ಕೆ ತಿರುಗಿಸಿದ್ದರು.

ವ್ಯಾಂಪೈರ್ ಹರಿಯುವ ನೀರನ್ನು ದಾಟಲಾರದು ಅನ್ನುವ ಹಳೇ ನಂಬಿಕೆ ಇದೆಯಲ್ಲ, ಅದನ್ನು ಈ ಊರಿನ ಮೇಲೆ ಇಟ್ಟು ನೋಡಿ. ಸೇತುವೆ ಮೇಲೆ ಹೋಗಲಾಗದವನು ನದಿಯ ಕೆಳಗಿನ ಸುರಂಗದಲ್ಲಿ ದಾಟಬಹುದಾ? ದಾಟಬಹುದು ಅಂತ ನೀವು ನಿಯಮ ಮಾಡಿದರೆ, ಅದು ಗೊತ್ತಿದ್ದವರು ಎಷ್ಟು ಜನ ಅನ್ನುವುದೇ ನಿಮ್ಮ ಕತೆಯ ಒಂದು ಸುಳಿವು.

ತಿಂಗಳಿನ ವಿಷಯ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ, ಅಷ್ಟೇ. ಶಿಕಾಗೊದಲ್ಲಿ ಡಿಸೆಂಬರ್ ಕೊನೆಯ ರಾತ್ರಿ ಹದಿನೈದು ಗಂಟೆಯ ಹತ್ತಿರ, ಜೂನ್ ಕೊನೆಯದು ಒಂಬತ್ತು ಗಂಟೆಯೊಳಗೆ. ನಮ್ಮ ಸಂಜೆ ಆರೂವರೆಯನ್ನು ತಲೆಯಲ್ಲಿಟ್ಟುಕೊಂಡು ಬರೆದರೆ ಅಲಿಬಿ, ಅಂದರೆ ಕೊಲೆಯ ಹೊತ್ತಿಗೆ ನಾನು ಬೇರೆ ಕಡೆ ಇದ್ದೆ ಅನ್ನುವ ವಾದ, ಕುಸಿದುಬೀಳುತ್ತದೆ. ಜನವರಿ ಮಧ್ಯದಲ್ಲಿ ಅಲ್ಲಿ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗಿ, ಬೆಳಗ್ಗೆ ಏಳು ದಾಟಿದ ಮೇಲೆ ಹುಟ್ಟುತ್ತಾನೆ. ಕತೆ ನಡೆಯುವ ಪ್ರತಿ ರಾತ್ರಿಗೂ ಈ ಎರಡು ಸಮಯ ಗೋಡೆಯ ಮೇಲೆ ಅಂಟಿಸಿಕೊಳ್ಳಿ.

ಒಂದು ಎಚ್ಚರ. ನಿಜವಾದ ಆಸ್ಪತ್ರೆಯ ಮೇಲೆ ಕಳ್ಳತನ ಹೊರಿಸಬೇಡಿ. ಆ ಬ್ಲಡ್ ಬ್ಯಾಂಕ್ ನೋಡಿ ತಾನೂ ಒಂದು ಶುರು ಮಾಡಿದ ಖಾಸಗಿ ಕ್ಲಿನಿಕ್ಕನ್ನು ಕಲ್ಪಿಸಿಕೊಳ್ಳಿ.

ಮೂರನೇ ಹೆಜ್ಜೆ: ಕೇಸು ಕೊಡುವವನು ಯಾರು?

ನಾನು ಮೊದಲ ಸಲ ಇಂಥ ಕತೆ ಬರೆದಾಗ ವ್ಯಾಂಪೈರ್‌ನ ಗುಟ್ಟನ್ನು ಕೊನೆಯ ಪುಟದವರೆಗೆ ಮುಚ್ಚಿಟ್ಟಿದ್ದೆ. ಓದಿದ ಗೆಳತಿ ಒಂದೇ ಮಾತು ಹೇಳಿದಳು: "ಮೊದಲೇ ಹೇಳಿದ್ದರೆ ನಾನೂ ಹುಡುಕುತ್ತಿದ್ದೆ." ಆ ಮಾತಿನಿಂದ ನನ್ನ ಬರವಣಿಗೆಯೇ ಬದಲಾಯಿತು. ವ್ಯಾಂಪೈರ್ ಇದೆ ಅನ್ನುವುದು ಗುಟ್ಟಾಗಬಾರದು. ಅದು ಏನು ಬಯಸುತ್ತಿದೆ ಅನ್ನುವುದು ಗುಟ್ಟಾಗಬೇಕು.

ಅದಕ್ಕೆ ನನ್ನ ಸಲಹೆ: ವ್ಯಾಂಪೈರೇ ಬಂದು ಕೇಸು ಕೊಡಲಿ. ಕ್ಲಿನಿಕ್ಕಿನ ರಾತ್ರಿ ಪಾಳಿಯ ಅಟೆಂಡರ್ ಒಬ್ಬ ಸತ್ತಿದ್ದಾನೆ. ಕತ್ತಿನಲ್ಲಿ ಎರಡು ತೂತು, ಮೈಯಲ್ಲಿ ರಕ್ತವಿಲ್ಲ. 'ನಾನು ಕೊಂದಿಲ್ಲ, ನನ್ನ ಮೇಲೆ ಹೊರಿಸುತ್ತಿದ್ದಾರೆ, ಕೊಂದವನನ್ನು ಹುಡುಕಿ' ಅನ್ನುತ್ತಾನೆ ವ್ಯಾಂಪೈರ್. ಕೊಂದಿಲ್ಲ ಅನ್ನುವುದು ನಿಜ. ಆದರೆ ಅವನಿಗೆ ಬೇಕಾದದ್ದು ಕೊಲೆಗಾರನಲ್ಲ. ಅಟೆಂಡರ್ ಬರೆದಿಟ್ಟಿದ್ದ ಲೆಕ್ಕದ ಪುಸ್ತಕ. ಗ್ಯಾಂಗಿನಿಂದ ಕದ್ದ ರಕ್ತ ಕೊಳ್ಳುವ ಗಿರಾಕಿ ಅಂತ ಅದರಲ್ಲಿ ಅವನ ಹೆಸರಿದೆ.

ಪತ್ತೇದಾರನಿಗೆ ಅತಿಮಾನುಷ ಶಕ್ತಿ ಏನೂ ಬೇಡ. ಎರಡು ತಿಂಗಳ ಬಾಡಿಗೆ ಬಾಕಿ ಇರಲಿ, ಅದು ಮುಂದೆ ಕೆಲಸಕ್ಕೆ ಬರುತ್ತದೆ.

ಮನುಷ್ಯರನ್ನು ಬರೆಯುವಾಗ ಇನ್ನೊಂದು ನಿಜ ಘಟನೆ ನೆನಪಿಟ್ಟುಕೊಳ್ಳಿ. 1892ರ ಜನವರಿಯಲ್ಲಿ ಅಮೆರಿಕದ ರೋಡ್ ಐಲೆಂಡಿನ ಎಕ್ಸಿಟರ್ ಎಂಬಲ್ಲಿ ಮರ್ಸಿ ಬ್ರೌನ್ ಎಂಬ 19 ವರ್ಷದ ಹುಡುಗಿ ಕ್ಷಯದಿಂದ ಸತ್ತಳು. ತಾಯಿ ಮತ್ತು ಅಕ್ಕ ಅದೇ ಕಾಯಿಲೆಯಿಂದ ಮೊದಲೇ ಹೋಗಿದ್ದರು, ಅಣ್ಣ ಎಡ್ವಿನ್ ಹಾಸಿಗೆ ಹಿಡಿದಿದ್ದ. ಸತ್ತವರಲ್ಲಿ ಒಬ್ಬರು ಅವನ ಜೀವ ಹೀರುತ್ತಿದ್ದಾರೆ ಅಂತ ಊರವರು ಮಾರ್ಚ್‌ನಲ್ಲಿ ಹೆಣಗಳನ್ನು ತೆಗೆಸಿದರು. ಚಳಿಗಾಲದ ಥಂಡಿಯಲ್ಲಿದ್ದ ಮರ್ಸಿಯ ದೇಹ ಕೆಟ್ಟಿರಲಿಲ್ಲ. ಅವಳ ಹೃದಯ ಸುಟ್ಟು ಬೂದಿಯನ್ನು ಅಣ್ಣನಿಗೆ ಕುಡಿಸಿದರು. ಎರಡು ತಿಂಗಳಲ್ಲಿ ಅವನೂ ಸತ್ತ. ಇದನ್ನು ಓದಿದಾಗಲೆಲ್ಲ ನನಗೆ ಕಾಡುವುದು ಪಿಶಾಚಿಯಲ್ಲ, ಮಗನನ್ನಾದರೂ ಉಳಿಸಿಕೊಳ್ಳಲು ಮಗಳ ಗೋರಿ ತೆಗೆಯಲು ಒಪ್ಪಿದ ಆ ಅಪ್ಪ. ನಿಮ್ಮ ಕತೆಯಲ್ಲಿ ಅಂಥವರು ಒಬ್ಬರಾದರೂ ಇರಲಿ. ಕೆಟ್ಟವರಲ್ಲ, ಆದರೆ ಭಯದಲ್ಲಿ ಏನು ಬೇಕಾದರೂ ಮಾಡುವವರು.

ನಾಲ್ಕನೇ ಹೆಜ್ಜೆ: ಹೆಣಕ್ಕೆ ಮಾತಾಡಲು ಬಿಡಿ

ಇದು ನನಗೆ ಬಹಳ ಇಷ್ಟದ ಭಾಗ. ವೈದ್ಯಕೀಯದ ನಾಲ್ಕೇ ನಾಲ್ಕು ಸಂಗತಿ ಗೊತ್ತಿದ್ದರೆ ಇಡೀ ಕೇಸು ಕಟ್ಟಬಹುದು.

ವಯಸ್ಕ ಮನುಷ್ಯನ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಎರಡು ಲೀಟರಿಗಿಂತ ಜಾಸ್ತಿ ಒಮ್ಮೆಗೇ ಹೋದರೆ ಜೀವ ಉಳಿಯುವುದು ಕಷ್ಟ. ಹೊಟ್ಟೆ ತುಂಬ ಕುಡಿದರೂ ಮನುಷ್ಯನ ಜಠರ ಹಿಡಿಯುವುದು ಒಂದು, ಒಂದೂವರೆ ಲೀಟರ್. ನಿಮ್ಮ ವ್ಯಾಂಪೈರ್‌ನ ಹೊಟ್ಟೆ ಮನುಷ್ಯನ ಹೊಟ್ಟೆಯಷ್ಟೇ ಅಂತ ನಿಯಮ ಮಾಡಿ. ಈಗ ಹೆಣದಲ್ಲಿ ರಕ್ತವೇ ಇಲ್ಲ ಅಂದರೆ ಪತ್ತೇದಾರ ಕೇಳಲೇಬೇಕು: ಮಿಕ್ಕ ಮೂರೂವರೆ ಲೀಟರ್ ಎಲ್ಲಿ ಹೋಯಿತು?

ಸತ್ತ ಮೇಲೆ ರಕ್ತ ಮೈಯ ಕೆಳಭಾಗಕ್ಕೆ ಇಳಿದು ಚರ್ಮದ ಮೇಲೆ ನೇರಳೆ ಕಲೆ ಮೂಡುತ್ತದೆ. ಒಂದೆರಡು ಗಂಟೆಯಲ್ಲಿ ಕಾಣಿಸುತ್ತದೆ. ಸುಮಾರು ಎಂಟರಿಂದ ಹನ್ನೆರಡು ಗಂಟೆಯಲ್ಲಿ ಗಟ್ಟಿಯಾಗಿ ನಿಂತುಬಿಡುತ್ತದೆ, ಆಮೇಲೆ ಹೆಣ ಹೊರಳಿಸಿದರೂ ಜಾಗ ಬಿಡುವುದಿಲ್ಲ. ರಕ್ತ ತುಂಬ ಹೋಗಿದ್ದರೆ ಕಲೆ ಮಸುಕಾಗಿರುತ್ತದೆ. ನಮ್ಮ ಅಟೆಂಡರ್ ಸಿಕ್ಕಿದ್ದು ಅಂಗಾತ ಮಲಗಿದ ಹಾಗೆ. ಆದರೆ ಆ ಮಸುಕು ಕಲೆ ಬೆನ್ನಲ್ಲಿಲ್ಲ, ಮುಖದಲ್ಲಿ, ಹೆಗಲಲ್ಲಿ ಇದೆ. ಅಂದರೆ ಅವನನ್ನು ತಲೆಕೆಳಗಾಗಿ ತೂಗುಹಾಕಿದ್ದರು. ಹಾಗೆ ತೂಗುಹಾಕಿ ರಕ್ತ ಬಸಿಯುವ ಜಾಗ ಈ ಊರಲ್ಲಿ ಯಾವುದು ಅಂತ ನೀವು ಎರಡನೇ ಹೆಜ್ಜೆಯಲ್ಲೇ ನೋಡಿದ್ದೀರಿ: ಕಸಾಯಿಖಾನೆ.

ಮೂರನೆಯದು ಹೆಪ್ಪು. ಮೈಯಿಂದ ಹೊರಬಂದ ರಕ್ತ ಐದು ಹತ್ತು ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆ. ಸಿಟ್ರೇಟ್ ಬೆರೆಸಿದ ಸೀಸೆಯ ರಕ್ತ ಹೆಪ್ಪುಗಟ್ಟುವುದಿಲ್ಲ. ಹೆಣದ ಪಕ್ಕ ನೆಲದ ಮೇಲೆ ಚೆಲ್ಲಿದ ರಕ್ತ ಗಂಟೆ ಕಳೆದರೂ ನೀರಾಗಿಯೇ ಇದ್ದರೆ ಅದು ಕತ್ತಿನಿಂದ ಸುರಿದದ್ದಲ್ಲ. ಯಾರೋ ಸೀಸೆಯಿಂದ ಸುರಿದಿದ್ದಾರೆ. ನಾಲ್ಕನೆಯದು ರಕ್ತದ ಗುಂಪು. ಅದು ಗೊತ್ತಾದದ್ದು 1901ರಲ್ಲಿ, ಒಣಗಿದ ಕಲೆಯಿಂದಲೂ ಗುಂಪು ಹೇಳಬಹುದು ಅನ್ನುವುದು 1915ರ ಹೊತ್ತಿಗೆ. ಹಾಗಾಗಿ 1938ರಲ್ಲಿ ನಿಮ್ಮ ಪತ್ತೇದಾರ ಪ್ರಯೋಗಾಲಯದ ಗೆಳೆಯನೊಬ್ಬನಿಂದ ಈ ಪರೀಕ್ಷೆ ಮಾಡಿಸಬಹುದು. ನೆಲದ ರಕ್ತ ಒಂದು ಗುಂಪು, ಸತ್ತವನದು ಇನ್ನೊಂದು.

ಲೆಕ್ಕದ ಪುಸ್ತಕದ ಒಂದು ಸಾಲನ್ನೂ ಓದುಗರಿಗೆ ತೋರಿಸಿ. 'ಸೀಸೆ 114. ಜಮಾ ಜನವರಿ 8. ಹಳತಾಗಿದೆ, ಚೆಲ್ಲಿದೆ, ಜನವರಿ 12.' ಹತ್ತು ದಿನ ಇರಬೇಕಾದ ರಕ್ತ ನಾಲ್ಕೇ ದಿನಕ್ಕೆ ಹಳತಾಗುವುದು ಹೇಗೆ? ಪತ್ತೇದಾರ ಇದನ್ನು ಬಾಯಿಬಿಟ್ಟು ಹೇಳುವ ಮೊದಲು ಎರಡು ಪುಟ ಬಿಡಿ. ಓದುಗರು ತಾವೇ ಲೆಕ್ಕ ಹಾಕಲಿ.

ಐದನೇ ಹೆಜ್ಜೆ: ಕನ್ನಡದಲ್ಲಿ ಗಡುಸು ದನಿ

ಕೆಲವರು ಈ ದನಿ ಇಂಗ್ಲಿಷಿಗೆ ಮಾತ್ರ ಒಗ್ಗುತ್ತದೆ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕನ್ನಡದ ಹತ್ತಿರ ಇದಕ್ಕೆ ಬೇಕಾದ ಚೂಪು ಉಪಕರಣಗಳು ಬೇಕಾದಷ್ಟಿವೆ.

ಮೊದಲು 'ಅಂತೆ'. 'ಅವನು ಬಂದ' ಬೇರೆ, 'ಅವನು ಬಂದನಂತೆ' ಬೇರೆ. ಕಂಡದ್ದಕ್ಕೂ ಕೇಳಿದ್ದಕ್ಕೂ ನಡುವಿನ ಗೆರೆಯನ್ನು ಎರಡು ಅಕ್ಷರ ಎಳೆದುಬಿಡುತ್ತದೆ. ಸಾಕ್ಷಿಯೊಬ್ಬಳು ಹೇಳಿಕೆಯ ಉದ್ದಕ್ಕೂ 'ಅಂತೆ' ಅಂದು, ಒಂದು ಕಡೆ ಮಾತ್ರ ಮರೆತು 'ಬಾಗಿಲು ತೆರೆದಿತ್ತು' ಅಂದರೆ ಅವಳು ಅಲ್ಲಿದ್ದಳು ಅಂತ ಅರ್ಥ.

ಆಮೇಲೆ ನೀನು, ನೀವು. ಗ್ಯಾಂಗಿನವನು ಅರ್ಧ ಪುಟ 'ನೀವು' ಅಂದು ತಟ್ಟನೆ 'ನೀನು'ವಿಗೆ ಇಳಿದರೆ ಅವನು ಜೇಬಿನಿಂದ ಪಿಸ್ತೂಲು ತೆಗೆಯಬೇಕಾಗಿಲ್ಲ. ಮುನ್ನೂರು ವರ್ಷ ಬದುಕಿದ ವ್ಯಾಂಪೈರ್ 'ತಾವು' ಅನ್ನಲಿ, ಸ್ವಲ್ಪ ಹಳೇ ಪುಸ್ತಕದ ಕನ್ನಡ ಆಡಲಿ. ಪತ್ತೇದಾರನದು ಬೀದಿಯ ಮಾತು.

ಅವನು, ಅದು. ಪತ್ತೇದಾರ ವ್ಯಾಂಪೈರನ್ನು ಯಾವಾಗ 'ಅವನು' ಅನ್ನುತ್ತಾನೆ, ಯಾವಾಗ 'ಅದು' ಅನ್ನುತ್ತಾನೆ? 'ಬಂದ' ಅನ್ನುವುದು 'ಬಂತು' ಆಗುವ ಒಂದು ಕ್ಷಣವನ್ನು ಯೋಚಿಸಿ ಆರಿಸಿಕೊಳ್ಳಿ. ನಾನು ಅದನ್ನು ಕತೆಯಲ್ಲಿ ಒಂದೇ ಸಲ ಉಪಯೋಗಿಸುತ್ತೇನೆ. ಕೊಲೆಗಾರ ಗಂಡೋ ಹೆಣ್ಣೋ ಅಂತ ಮುಚ್ಚಿಡಬೇಕಾದರೆ ಸಾಕ್ಷಿ ಗೌರವದಿಂದ 'ಬಂದರು' ಅಂದರೆ ಮುಗಿಯಿತು.

ಈಗ ಕೈಯಾರೆ ಒಂದು ತುಣುಕು. ಮೊದಲು, ಬರೆಯಬಾರದ ರೀತಿ: 'ಕರಾಳ ಕತ್ತಲೆಯು ನಗರವನ್ನು ತನ್ನ ಬಾಹುಗಳಲ್ಲಿ ಬಂಧಿಸಿತ್ತು. ಭೀಕರ ನೀರವತೆಯನ್ನು ಭೇದಿಸುತ್ತಾ ನಿಗೂಢ ಆಕೃತಿಯೊಂದು ಪ್ರತ್ಯಕ್ಷವಾಯಿತು.' ಇದರಲ್ಲಿ ಶಬ್ದ ಬಿಟ್ಟರೆ ಏನೂ ಇಲ್ಲ. ಈಗ ಇದನ್ನು ನೋಡಿ:

ಸಂಜೆ ಐದೂವರೆಗೆ ಬಂದ. ಹೊಸ್ತಿಲ ಆಚೆಯೇ ನಿಂತ. ಹುಬ್ಬಿನ ಮೇಲೆ ಹಿಮದ ಹುಡಿ ಹಾಗೇ ಇತ್ತು. ಬಿಸಿಯಾದ ಕಟ್ಟಡದೊಳಗೆ ನಾಲ್ಕು ಮಹಡಿ ಹತ್ತಿ ಬಂದವನ ಹುಬ್ಬಲ್ಲಿ ಹಿಮ ನಿಲ್ಲಬಾರದು.

"ಒಳಗೆ ಬರಬಹುದೇ?"

"ಬಾಗಿಲು ತೆಗೆದೇ ಇದೆಯಲ್ಲ."

"ತೆರೆದ ಬಾಗಿಲು ಬೇರೆ, ಆಹ್ವಾನ ಬೇರೆ. ತಾವು ಬಾಯಿಬಿಟ್ಟು ಹೇಳಬೇಕು."

ಎರಡು ತಿಂಗಳ ಬಾಡಿಗೆ ಬಾಕಿ ಇತ್ತು. "ಬನ್ನಿ" ಅಂದೆ.

ಇಲ್ಲಿ ಹೆದರಿಸುವ ಒಂದು ಪದವೂ ಇಲ್ಲ. ಸಮಯ ಇದೆ, ಸೂರ್ಯ ಮುಳುಗಿದ್ದಾನೆ. ಹಿಮ ಇದೆ, ಮೈ ತಣ್ಣಗಿದೆ ಅಂತ ಅದೇ ಹೇಳುತ್ತದೆ. ಹೊಸ್ತಿಲ ನಿಯಮ ಮಾತುಕತೆಯಲ್ಲೇ ಬಂತು. ಪತ್ತೇದಾರ ಯಾಕೆ ಒಪ್ಪಿದ ಅನ್ನುವುದೂ ಬಂತು.

ಹೋಲಿಕೆಗಳ ಬಗ್ಗೆ ಒಂದು ಮಾತು. ಶಿಕಾಗೊದ ಪತ್ತೇದಾರ ಜನಜಂಗುಳಿಯನ್ನು ಕಡಲೆಕಾಯಿ ಪರಿಷೆಗೆ ಹೋಲಿಸುವ ಹಾಗಿಲ್ಲ. ಆದರೆ 'ಬಾಯಿಗೆ ಬೀಗ', 'ಕಣ್ಣಲ್ಲಿ ಕಣ್ಣಿಟ್ಟು', 'ಕೈ ತೊಳೆದುಕೊಂಡ' ಇಂಥವು ಯಾವ ಊರಿನವನ ಬಾಯಲ್ಲೂ ನಿಲ್ಲುತ್ತವೆ.

ಆರನೇ ಹೆಜ್ಜೆ: ರಾತ್ರಿಗಳನ್ನು ಜೋಡಿಸಿ

ಆರು ರಾತ್ರಿ ಸಾಕು. ಹಗಲಲ್ಲಿ ಪತ್ತೇದಾರ ಮನುಷ್ಯರನ್ನು ಕಾಣುತ್ತಾನೆ: ನರ್ಸ್, ಕಸಾಯಿಖಾನೆಯ ಕೆಲಸಗಾರ, ಸತ್ತವನ ಹೆಂಡತಿ. ರಾತ್ರಿ ಕೇಸು ಕೊಟ್ಟವನಿಗೆ ವರದಿ ಕೊಡುತ್ತಾನೆ. ಪ್ರತಿ ಹಗಲೂ ಒಂದು ಸತ್ಯ ಸಿಗಲಿ, ಪ್ರತಿ ರಾತ್ರಿಯೂ ಒಂದು ಸುಳ್ಳು ಬಯಲಾಗಲಿ. ಮೂರನೇ ರಾತ್ರಿ ಅವನು ಏಟು ತಿನ್ನಲಿ, ಅದೂ ಮನುಷ್ಯರಿಂದ. ಲೆಕ್ಕದ ಪುಸ್ತಕ ಐದನೇ ಹಗಲು ಕೈಗೆ ಸಿಗಲಿ.

ಏಳನೇ ಹೆಜ್ಜೆ: ಕೊನೆಯ ದೃಶ್ಯವನ್ನು ಮೊದಲೇ ಬರೆಯಿರಿ

ಕೊಲೆಗಾರ ಗ್ಯಾಂಗಿನವನು. ಅಟೆಂಡರ್ ಲೆಕ್ಕ ಬಯಲು ಮಾಡುತ್ತೇನೆ ಅಂದಿದ್ದಕ್ಕೆ ಕಸಾಯಿಖಾನೆಯಲ್ಲಿ ಕೊಂದು, ಗಿರಾಕಿಯಾದ ವ್ಯಾಂಪೈರ್ ಮೇಲೆ ಹೊರಿಸಲು ಸೀಸೆ ಸುರಿದ. ಇಷ್ಟು ಐದನೇ ರಾತ್ರಿಗೇ ಗೊತ್ತಾಗಲಿ. ಆರನೇ ರಾತ್ರಿಗೆ ಉಳಿಯಬೇಕಾದದ್ದು ಪುಸ್ತಕ, ಪತ್ತೇದಾರ ಮತ್ತು ಅದನ್ನು ಕೇಳಲು ಬರುವ ವ್ಯಾಂಪೈರ್.

ಇಲ್ಲಿ ಒಂದು ತೊಡಕಿದೆ. ಪತ್ತೇದಾರ ಮೊದಲ ರಾತ್ರಿಯೇ 'ಬನ್ನಿ' ಅಂದಿದ್ದಾನೆ. ಒಮ್ಮೆ ಕರೆದರೆ ಯಾವಾಗ ಬೇಕಾದರೂ ಬರಬಹುದು ಅಂತ ನಿಯಮ ಮಾಡಿದ್ದೀರಿ. ಹಾಗಾದರೆ ಅವನನ್ನು ಉಳಿಸುವುದು ಯಾವುದು? ಆ ಬಾಡಿಗೆ ಬಾಕಿ. ಆರನೇ ದಿನ ಮಧ್ಯಾಹ್ನ ಮಾಲೀಕ ಬಂದು ಸಾಮಾನು ಹೊರಗಿಟ್ಟು ಬೀಗ ಬದಲಿಸಲಿ. ಪತ್ತೇದಾರ ಬೀದಿಯ ಆಚೆ ಬದಿ, ಸತ್ತವನ ಹೆಂಡತಿಯ ಮನೆಯಲ್ಲಿ ರಾತ್ರಿ ಕಳೆಯಲಿ. ಐದೂವರೆಗೆ ಬಾಗಿಲು ತಟ್ಟಿದ ಸದ್ದಾಗುತ್ತದೆ. ಈ ಮನೆಗೆ 'ಬನ್ನಿ' ಅನ್ನುವ ಹಕ್ಕು ಅವನದಲ್ಲ, ಅವಳದು. ಪುಸ್ತಕ ಮೇಜಿನ ಮೇಲಿದೆ. ಅವಳು ಬಾಗಿಲ ಕಡೆ ನಡೆಯುತ್ತಾಳೆ. ಅವಳು ಏನು ಹೇಳುತ್ತಾಳೆ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಳ್ಳಿ, ಆಮೇಲೆ ಕತೆಯ ಮೊದಲ ಸಾಲಿಗೆ ಕೈ ಹಾಕಿ.